ನಲಿ-ಕಲಿ ಕೋಣೆಯ ಗೋಡೆಗಳು

ಶಾಲೆಯ ಗೋಡೆಗೆ ಏನೇ ಅಂಟಿಸಿ, ಮರುದಿನ ಬೆಳಿಗ್ಗೆ ಅದರ ಬಗ್ಗೆ ಕೇಳಲು ಊರಿನಿಂದ ಯಾರಾದರೂ ಬಂದೇ ಬರುತ್ತಾರೆ. ಟೀಚರ್ ಆದಾಗಿನಿಂದ ನನಗೆ ಇದು ತಪ್ಪಿಲ್ಲ. ಒಳ್ಳೆಯದಾಗಲಿ ಎಂದು ಮಾಡಿದ್ದೇ ಕುತ್ತಿಗೆಗೆ ಬರುತ್ತದೆ. ಸಂಜೆ ಮನೆಯಲ್ಲಿ ಹೇಳಿದರೆ ಮಾತ್ರ ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ.

ಹಳದಿ ವ್ಯಾನು

ನಾನು ಕೊಟ್ಟೂರಿನಿಂದ ದಿನಾ ಬಸ್ಸಿನಲ್ಲಿ ಹೋಗಿಬರುವವಳು. ಶಾಲೆ ಇರುವುದು ಕೋಗಳಿ ಕಡೆಯ ಒಂದು ಸಣ್ಣ ಊರಿನಲ್ಲಿ. ಒಂದರಿಂದ ಐದನೇ ತರಗತಿ, ಇಬ್ಬರೇ ಶಿಕ್ಷಕರು: ನಾನು ಮತ್ತು ನಿವೃತ್ತಿಗೆ ಹತ್ತಿರವಾದ ಹೆಡ್ ಮಾಸ್ತರರು. ನಾನು ಬಸ್ಸಿಳಿಯುವ ಹೊತ್ತಿಗೇ ಹಗರಿಬೊಮ್ಮನಹಳ್ಳಿಯ ಇಂಗ್ಲಿಷ್ ಶಾಲೆಯೊಂದರ ಹಳದಿ ವ್ಯಾನೂ ಬಂದು ನಿಲ್ಲುತ್ತದೆ. ಅದರ ಹಾರ್ನ್ ಕೇಳಿದರೆ ಹತ್ತುವ ಮಕ್ಕಳನ್ನು ಎಣಿಸುತ್ತೇನೆ. ಇನ್ನು ನಾಲ್ಕಾರು ಮಕ್ಕಳು ಅದನ್ನು ಹತ್ತಿಬಿಟ್ಟರೆ ನಮ್ಮ ಶಾಲೆಗೆ ಒಬ್ಬರೇ ಶಿಕ್ಷಕರು ಸಾಕಾಗುತ್ತಾರೆ. ಆಗ ಹೆಚ್ಚುವರಿ ಆಗುವವಳು ನಾನೇ. ಎಲ್ಲಿಗೆ ಎತ್ತಿ ಹಾಕುತ್ತಾರೋ ದೇವರಿಗೇ ಗೊತ್ತು.

ಜೂನ್ ತಿಂಗಳಲ್ಲಿ ಊರಿನ ಟೇಲರಮ್ಮ ಶಾಲೆಗೆ ಬಂದರು. ಊರಿನ ಹೆಂಗಸರೆಲ್ಲ ರವಿಕೆ ಹೊಲಿಸುವುದು ಅವರ ಹತ್ತಿರ. ಅವರು ತಮ್ಮ ಮಗಳನ್ನು ಎಲ್ಲಿಗೆ ಕಳಿಸುತ್ತಾರೋ ಮಿಕ್ಕವರೂ ಅಲ್ಲಿಗೇ ಕಳಿಸುತ್ತಾರೆ. ಅವರ ಮಗಳು ನನ್ನ ನಲಿ-ಕಲಿ ಕೋಣೆಯಲ್ಲಿ ಒಂದನೇ ತರಗತಿಯಲ್ಲಿದ್ದಳು.

"ವ್ಯಾನ್ ಶಾಲ್ಯಾಗ ಗ್ವಾಡಿ ತುಂಬ ಚಿತ್ರ ಅದಾವ ಟೀಚರ್. ನಿಮ್ಮಲ್ಲಿ ನೋಡಿದ್ರ ಸುಣ್ಣ ಉದುರ್ತೈತಿ. ದಸರಾ ರಜಾ ತನಕ ನೋಡ್ತೀನಿ. ಆಮ್ಯಾಲೆ ಟಿ.ಸಿ. ಕೊಡ್ರಿ" ಎಂದು ಹೇಳಿ ಹೋದರು.

ಅವತ್ತು ನನಗೆ ಊಟ ಸೇರಲಿಲ್ಲ. ಹೆಡ್ ಮಾಸ್ತರರು ಸಮಾಧಾನ ಮಾಡಿದರು: "ಚಿಂತಿ ಮಾಡಬ್ಯಾಡ್ರಿ. ಭಾಳ ಅಂದ್ರ ಹಡಗಲಿ ಕಡಿ ಹಾಕ್ತಾರ. ಅಲ್ಲಿ ಮಲ್ಲಿಗಿ ಚಲೋ ಸಿಗ್ತಾವ."

ರೈಲಿನ ಹಿಂಬದಿ

ಮೊದಲು ಗೋಡೆಗೆ ಬಣ್ಣ ಆಗಬೇಕಿತ್ತು. ನಮ್ಮ ಸುತ್ತಿನಲ್ಲಿ ಬಣ್ಣದ ಕೆಲಸಕ್ಕೆ ಸಿಗುವವನು ಒಬ್ಬನೇ, ಟ್ರ್ಯಾಕ್ಟರ್ ಟ್ರೇಲರ್‌ಗೆ ಬರೆಯುವ ಪೇಂಟರ್. ಒಳ್ಳೆಯ ಕೈ. ಒಂದು ಉದ್ದನೆಯ ರೈಲು ಬರಿ, ಒಂದೊಂದು ಬೋಗಿಯ ಮೇಲೆ ಒಂದೊಂದು ಅಕ್ಷರ ಬರಿ ಎಂದು ಹೇಳಿ ಭಾನುವಾರ ಬೀಗದ ಕೈ ಕೊಟ್ಟೆ.

ಸೋಮವಾರ ಬಂದು ನೋಡಿದರೆ ರೈಲು ಚೆಂದವಾಗಿತ್ತು. ಅ, ಆ, ಇ, ಈ ಎಲ್ಲ ಇದ್ದವು. ಆದರೆ ಕೊನೆಯ ಬೋಗಿಯ ಹಿಂದೆ ಕೆಂಪು ಬಣ್ಣದಲ್ಲಿ ದಪ್ಪಗೆ "ಹಾರ್ನ್ ಮಾಡಿ", ಅದರ ಕೆಳಗೆ "ತಂದೆ ತಾಯಿ ಆಶೀರ್ವಾದ" ಎಂದು ಬರೆದಿತ್ತು.

"ಇದನ್ಯಾಕ ಬರದಿ?" ಎಂದು ಕೇಳಿದೆ.

"ಬಂಡಿ ಹಿಂದ ಖಾಲಿ ಬಿಟ್ರ ಕೈ ಒಪ್ಪಂಗಿಲ್ಲ ಟೀಚರ್. ಹಿಂದಿನಿಂದ ಯಾರನ ಬಂದು ಗುದ್ದಿದ್ರ?" ಎಂದ.

ಅಳಿಸೋಣ ಎಂದರೆ ಬಣ್ಣ ಮುಗಿದಿತ್ತು. ಸುದ್ದಿ ಕೇಳಿ ಟೇಲರಮ್ಮ ಮಧ್ಯಾಹ್ನವೇ ನೋಡಲು ಬಂದರು. ರೈಲನ್ನು ಇಂಜಿನ್ನಿನಿಂದ ನೋಡುತ್ತಾ ಹೋದರು. ಮಗಳನ್ನು ಕರೆದು ಮೊದಲನೇ ಬೋಗಿಗೆ ಬೆರಳಿಟ್ಟು "ಇದೇನು?" ಎಂದರು. ಹುಡುಗಿ ಬಾಯಿ ಬಿಡಲಿಲ್ಲ. ಎರಡನೆಯದಕ್ಕೂ ಇಲ್ಲ, ಮೂರನೆಯದಕ್ಕೂ ಇಲ್ಲ. ಕೊನೆಗೆ ಬಂದ ಕೂಡಲೇ ಗಂಟಲು ಬಿಚ್ಚಿ ಓದಿದಳು: "ಹಾರ್ನ್ ಮಾಡಿ, ತಂದೆ ತಾಯಿ ಆಶೀರ್ವಾದ."

ನನಗೆ ಹೋದ ಜೀವ ಬಂದಂತಾಯಿತು. ನೋಡಿದಿರಾ, ಓದುತ್ತಾಳೆ ಎಂದೆ.

ಟೇಲರಮ್ಮ ಹೇಳಿದರು: "ನಮ್ಮ ಮನಿ ಟ್ರೇಲರ್ ಹಿಂದನೂ ಇದೇ ಐತಿ ಟೀಚರ್. ಇಷ್ಟಕ್ಕ ಶಾಲಿ ಯಾಕ ಬೇಕು?"

ದುಂಡಗೆ ಕೂರುವುದು

ಮಕ್ಕಳು ಸಾಲಾಗಿ ಕೂತರೆ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ, ದುಂಡಗೆ ಕೂತರೆ ಎಲ್ಲರೂ ಒಂದೇ ಮನೆಯವರಂತೆ ಆಗುತ್ತಾರೆ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ನನಗೂ ಹೌದೆನಿಸಿತ್ತು. ನೆಲದ ಮೇಲೆ ಬಿಳಿ ಬಣ್ಣದಲ್ಲಿ ದೊಡ್ಡ ವೃತ್ತ ಬರೆದು ಮಕ್ಕಳನ್ನು ಅದರ ಮೇಲೆ ಕೂರಿಸಿದೆ. ಅವು ಒಂದನ್ನೊಂದು ನೋಡಿ ನಕ್ಕವು. ನನ್ನ ಕಣ್ಣು ತುಂಬಿ ಬಂತು.

ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಟೇಲರಮ್ಮ, ಕೊರಳಲ್ಲಿ ಅಳತೆಯ ಟೇಪು.

"ನಿನ್ನಿ ನಮ್ಮ ಹುಡುಗಿ ಯಾವ ದಿಕ್ಕಿಗೆ ಮಕ ಮಾಡಿ ಕುಂತಿದ್ಲು?"

ನಾನು ನೆಲದ ಮೇಲಿನ ವೃತ್ತದಲ್ಲಿ ಅವಳ ಜಾಗ ಹುಡುಕತೊಡಗಿದೆ.

"ದಕ್ಷಿಣಕ್ಕ ಕುಂತಿದ್ಲಂತ. ದಕ್ಷಿಣಕ್ಕ ಮಕ ಮಾಡಿ ಉಣ್ಣಾಕ ಸೈತ ಕೂಡಂಗಿಲ್ಲ ನಾವು. ನೀವು ವಿದ್ಯಾ ಕಲಿಸಾಕ ಕೂಡ್ಸೀರಿ."

ತಪ್ಪಾಯಿತು ಎಂದು ಹುಡುಗಿಯ ಜಾಗ ಬದಲಿಸಿದೆ. ಆ ಜಾಗಕ್ಕೆ ಬಂದ ಹುಡುಗನ ತಾಯಿ ಮಧ್ಯಾಹ್ನ ಬಂದರು. ಅವನನ್ನೂ ಸರಿಸಿದೆ. ಸಂಜೆ ಮತ್ತೊಬ್ಬರು. ಹೇಗೆ ತಿರುಗಿಸಿದರೂ ಯಾರಾದರೂ ಒಬ್ಬರು ದಕ್ಷಿಣಕ್ಕೆ ಬೀಳುತ್ತಿದ್ದರು. ಬಸ್ಸಿನಲ್ಲಿ ಕೂತು ಪುಸ್ತಕದ ಹಿಂದೆ ವೃತ್ತ ಬರೆದು ಬರೆದು ನೋಡಿದೆ, ದಾರಿ ಸಿಗಲಿಲ್ಲ.

ಹೆಡ್ ಮಾಸ್ತರರು ಒಂದೇ ಮಾತಿನಲ್ಲಿ ಬಗೆಹರಿಸಿದರು. "ದುಂಡಗೂ ಕುಂದರ್ಲಿ, ಎಲ್ಲರೂ ಮೂಡಣಕ್ಕೂ ನೋಡ್ಲಿ" ಎಂದರು.

ಹಾಗೇ ಆಯಿತು. ಮಕ್ಕಳು ವೃತ್ತದ ಮೇಲೆಯೇ ಕೂತರು, ಎಲ್ಲರ ಮುಖವೂ ಪೂರ್ವಕ್ಕೆ. ಮುಂದಿನವರು ಗೋಡೆ ನೋಡುತ್ತಿದ್ದರು, ಹಿಂದಿನವರು ಮುಂದಿನವರ ಬೆನ್ನು. ಟೇಲರಮ್ಮ ಕಿಟಕಿಯಿಂದ ಇಣುಕಿ ತಲೆದೂಗಿ ಹೋದರು. ಒಬ್ಬರ ಮುಖ ಒಬ್ಬರು ನೋಡಲಿ ಎಂದಲ್ಲವೇ ಇಷ್ಟೆಲ್ಲ ಮಾಡಿದ್ದು ಎಂದು ನಾನು ಗೊಣಗಿದೆ.

"ಮಕದಾಗ ಏನೈತಿ? ಜಗಳ ಸುರು ಆಗೋದು ಮಕ ನೋಡಿದ ಮ್ಯಾಲೇ" ಎಂದರು ಹೆಡ್ ಮಾಸ್ತರರು.

ನಮ್ಮ ಮನೆಯವರು

ದಸರಾ ಹತ್ತಿರ ಬರುತ್ತಿದ್ದಂತೆ ನನಗೆ ನಿದ್ದೆ ಕಡಿಮೆಯಾಯಿತು. ಕೊನೆಯ ಪ್ರಯತ್ನ ಎಂದು ಹಿಂಬದಿಯ ಗೋಡೆಗೆ ಬಣ್ಣದ ಕಾಗದ ಅಂಟಿಸಿ, ಮೇಲೆ "ನಮ್ಮ ಮನೆಯವರು" ಎಂದು ಬರೆದೆ. ನಾಳೆ ಎಲ್ಲರೂ ಮನೆಯಿಂದ ಒಂದೊಂದು ಫೋಟೊ ತನ್ನಿ, ಇಲ್ಲಿ ಹಾಕೋಣ ಎಂದು ಮಕ್ಕಳಿಗೆ ಹೇಳಿದೆ. ಗೋಡೆಯ ಮೇಲೆ ಅಪ್ಪ ಅಮ್ಮನನ್ನು ಕಂಡರೆ ಶಾಲೆಯೂ ಮನೆ ಅನ್ನಿಸುತ್ತದೆ ಎಂದು ನನ್ನ ಲೆಕ್ಕ.

ಈಗ ಬದುಕಿರುವವರ ಫೋಟೊ ಎಲ್ಲ ಮೊಬೈಲಿನಲ್ಲಿರುತ್ತವೆ ಎಂಬುದು ನನ್ನ ತಲೆಗೆ ಹೊಳೆದಿರಲಿಲ್ಲ. ಮನೆಯಲ್ಲಿ ಕಟ್ಟು ಹಾಕಿಸಿ ಇಟ್ಟಿರುವುದು ತೀರಿಕೊಂಡವರದ್ದು ಮಾತ್ರ. ಮರುದಿನ ಮಕ್ಕಳು ಗಂಧದ ಹಾರ ಹಾಕಿದ ಅಜ್ಜಂದಿರನ್ನು ಎದೆಗವಚಿಕೊಂಡು ಬಂದವು. ಟೇಲರಮ್ಮನ ಮಗಳು ರುಮಾಲು ಸುತ್ತಿದ ತನ್ನ ತಾತನನ್ನು ರವಿಕೆ ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಬೇಡ ಎಂದರೆ ಮಕ್ಕಳು ಅಳುತ್ತವೆ. ಎಲ್ಲವನ್ನೂ ತೂಗುಹಾಕಿದೆ.

ಹೆಡ್ ಮಾಸ್ತರರು ಒಳಗೆ ಬಂದವರು ಗೋಡೆ ನೋಡಿ ಹೊರಗೆ ಹೋಗಿ ಚಪ್ಪಲಿ ಬಿಟ್ಟು ಬಂದರು. ಕೈಮುಗಿದು, "ಇಷ್ಟು ಮಂದಿ ಒಮ್ಮಿಗೇ ಹೋದ್ರೇನ್ರಿ?" ಎಂದು ಮೆಲ್ಲಗೆ ಕೇಳಿದರು.

ಸಂಜೆಯೇ ವಾಪಸು ಕಳಿಸಬೇಕು ಎಂದುಕೊಂಡಿದ್ದೆ. ಅಷ್ಟರಲ್ಲಿ ಅಜ್ಜಿಯರು ಬಂದರು. ಬೈಯಲು ಬಂದರೆಂದು ನಾನು ಕಪಾಟಿನ ಪಕ್ಕಕ್ಕೆ ಸರಿದೆ. ಅವರು ನನ್ನ ಕಡೆ ನೋಡಲೂ ಇಲ್ಲ. ತಮ್ಮ ತಮ್ಮ ಯಜಮಾನರಿಗೆ ವಿಭೂತಿ ಹಚ್ಚಿ, ಹೂ ಏರಿಸಿ, ಊದಿನಕಡ್ಡಿ ಹಚ್ಚಿದರು. ಪೂಜೆ ಮುಗಿಸಿ ಹಿಂದೆ ಗೋಡೆಗೆ ಒರಗಿ ಕೂತರು. ಮರುದಿನವೂ ಬಂದರು. ಅಜ್ಜಿಯರು ಇದ್ದಾರೆಂದು ಮಕ್ಕಳು ಒಬ್ಬರನ್ನೊಬ್ಬರು ಹೊಡೆಯುವುದು ಬಿಟ್ಟವು. ಯಾರಿಗಾದರೂ ಅಳು ಬಂದರೆ ಯಾವ ಅಜ್ಜಿ ಹತ್ತಿರವಿದ್ದರೋ ಅವರ ಮಡಿಲಿಗೆ ಹೋಗುತ್ತಿದ್ದವು. ನಾನು ತಿಂಗಳುಗಟ್ಟಲೆ ವೃತ್ತ ಬರೆದು ಸಾಧಿಸದ್ದು ಅದು.

ಮಹಾನವಮಿ ಅಮಾವಾಸ್ಯೆ ನಮ್ಮ ಕಡೆ ಹಿರಿಯರ ಹಬ್ಬ. ಹಿರಿಯರು ಎಲ್ಲಿದ್ದಾರೋ ಎಡೆ ಅಲ್ಲಿಗೇ ಎಂದು ಅಜ್ಜಿಯರು ರಜೆಯ ದಿನವೂ ನನ್ನನ್ನು ಕರೆಸಿ ಬೀಗ ತೆಗೆಸಿ, ಹೋಳಿಗೆ ಹೊತ್ತು ಶಾಲೆಗೇ ಬಂದರು. ಅದೇ ಹೊತ್ತಿಗೆ ಟೇಲರಮ್ಮ ಟಿ.ಸಿ. ಅರ್ಜಿ ಹಿಡಿದು ಬಾಗಿಲಲ್ಲಿ ನಿಂತರು.

"ಟೀಚರ್, ಅರ್ಜಿ ತಗೋರಿ. ನಮ್ಮ ಮಾವನ ಫೋಟೊ ಇಳಿಸಿ ಕೊಡ್ರಿ" ಎಂದರು.

ಎಡೆ ಹಿಡಿಯುತ್ತಿದ್ದ ಅವರ ಅತ್ತೆ ತಿರುಗಿ ನೋಡಿದರು. "ಹಬ್ಬದ ದಿನ ಹಿರೇರನ್ನ ಎಬ್ಬಿಸ್ತೀಯೇನು? ಅವರು ಬದುಕಿರೋ ತನಕ ಶಾಲಿ ಮೆಟ್ಟಿಲು ಹತ್ತಿದೋರಲ್ಲ. ಈಗ ಮೊಮ್ಮಗಳ ಕೂಡ ದಿನಾ ಪಾಠ ಕೇಳಾಕ ಹತ್ತ್ಯಾರ."

"ಆ ಶಾಲ್ಯಾಗೂ ಕೇಳ್ಲಿ ಅತ್ತಿ."

"ಅವರಿಗೆ ಅಲ್ಲಿ ಗ್ವಾಡಿ ಕೊಡ್ತಾರೇನು ಕೇಳು."

ಟೇಲರಮ್ಮ ಬಿಡುವವರಲ್ಲ. ಅಲ್ಲೇ ನಿಂತು ವ್ಯಾನ್ ಶಾಲೆಗೆ ಫೋನ್ ಹಚ್ಚಿದರು. "ಹುಡುಗಿ ಕೂಡ ನಮ್ಮ ಮಾವನ್ನೂ ಕಳಿಸ್ತೀವಿ. ಇಲ್ರಿ, ಅವರು ತೀರಿಕೊಂಡು ಭಾಳ ವರ್ಷ ಆತು" ಎಂದರು. ಆ ಕಡೆಯವರು ಫೋನ್ ಇಟ್ಟುಬಿಟ್ಟರು.

"ತಾತಗ ಜಾಗ ಇಲ್ಲದ ಶಾಲಿಗೆ ಮೊಮ್ಮಗಳು ಹೋಗಂಗಿಲ್ಲ" ಎಂದು ಅತ್ತೆ ಮಾತು ಮುಗಿಸಿದರು. ಟೇಲರಮ್ಮ ಮಾವನ ಫೋಟೊದ ಹೂ ಸರಿಮಾಡಿದರು. ಆಮೇಲೆ ಅರ್ಜಿ ಮಡಚಿ ಚೀಲಕ್ಕೆ ಹಾಕಿಕೊಂಡು ಹೋಳಿಗೆ ಬಡಿಸಲು ನಿಂತರು. ನಾನು ಕೈ ತೊಳೆಯುವ ನೆಪ ಮಾಡಿ ಹೊರಗೆ ಹೋಗಿ ಅತ್ತುಬಿಟ್ಟೆ.

ಹೊರಡುವಾಗ ಟೇಲರಮ್ಮನ ಅತ್ತೆ ನನ್ನನ್ನು ಪಕ್ಕಕ್ಕೆ ಕರೆದರು. "ನಮ್ಮ ಯಜಮಾನ್ರ ಬಾಜೂಕ ಒಂದು ಫೋಟೊ ಹಿಡಿಯೋಷ್ಟು ಜಾಗ ಖಾಲಿ ಬಿಡ್ರಿ. ನನಗೇನೂ ಅವಸರ ಇಲ್ಲ. ಆದ್ರ ಕೆಳಗೇರಿ ಮುದುಕಿ ಅದರ ಮ್ಯಾಲೆ ಕಣ್ಣಿಟ್ಟಾಳ."

"ಹಂಗನಬ್ಯಾಡ್ರಿ ಅಮ್ಮ, ನೀವು ಇನ್ನೂ ಭಾಳ ವರ್ಷ ಬಾಳಬೇಕು" ಎಂದೆ.

"ಬಾಳ್ತೀನಿ ಬಿಡ್ರಿ" ಎಂದರು. "ಆದ್ರ ಅಲ್ಲಿ ತನಕ ನೀವು ಎಲ್ಲೂ ವರ್ಗ ಆಗಿ ಹೋಗಬಾರದು ಮತ್ತ. ಜಾಗ ನಿಮ್ಮ ಜವಾಬ್ದಾರಿ."