ತಿರುಗಪ್ಪನ ಕೈಚಳಕ

ಎಲ್ಲದಕ್ಕೂ ಕಾರಣ ಟೀ ಕುಡಿಯುವಾಗ ತಿರುಗಪ್ಪನ ಬಾಯಿಂದ ಜಾರಿದ ಒಂದು ಮಾತು.

"ಈ ಮೆಷಿನ್ನಿಗೆ ಒಂದು ಕಂಪ್ಯೂಟರ್ ಕಟ್ಟಿದ್ರೆ ತಾನಾಗೇ ಓಡುತ್ತಪ್ಪ. ನನ್ನ ಭುಜಾನಾದ್ರೂ ಉಳಿಯುತ್ತೆ."

ಅವನು ಅದನ್ನು ಯಾರಿಗೂ ಹೇಳಿರಲಿಲ್ಲ, ಲೋಟದ ಟೀಗೆ ಹೇಳಿದ್ದ. ಆದರೆ ಬೆನ್ನ ಹಿಂದೆ ಯಜಮಾನರ ಭಾವಮೈದುನ ನಿಂತಿದ್ದ. ಆ ಭಾವಮೈದುನನ ಕಿವಿಗೆ ಬಿದ್ದ ಮಾತು ಒಣಹುಲ್ಲಿಗೆ ಬಿದ್ದ ಕಿಡಿ ಇದ್ದಂತೆ.

ತಿರುಗಪ್ಪ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಕಾರ್ಖಾನೆ ಇಟ್ಟದ್ದು. ಅವನ ಮಿಲ್ಲಿಂಗ್ ಮೆಷಿನ್ನು ಒಂದು ಕಾಲದಲ್ಲಿ ಸಿಎನ್‌ಸಿ, ಅಂದರೆ ತನ್ನದೇ ಕಂಪ್ಯೂಟರಿನಿಂದ ಓಡುವಂಥದ್ದು. ಗುಂಡಿ ಒತ್ತಿದರೆ ಟೇಬಲ್ಲು ತಾನೇ ಓಡಾಡುತ್ತಿತ್ತು, ಕಟರು ತಾನೇ ಇಳಿದು ಲೋಹ ಕೊರೆಯುತ್ತಿತ್ತು. ಅದರ ಮಿದುಳು ಪಕ್ಕದಲ್ಲೇ ನಿಂತ ಆಳೆತ್ತರದ ಕಬ್ಬಿಣದ ಅಲ್ಮೇರಾದೊಳಗಿತ್ತು. ಆ ಮಿದುಳು ಒಂದು ದಿನ ಸುಟ್ಟ ವಾಸನೆ ಬಿಟ್ಟು ಕಣ್ಣು ಮುಚ್ಚಿತು. ಅದನ್ನು ಮಾಡಿದ ಕಂಪನಿ ಅದಕ್ಕೂ ಮೊದಲೇ ಕಣ್ಣು ಮುಚ್ಚಿತ್ತು. ಅಂದಿನಿಂದ ಗುಂಡಿ ಮಾಡುತ್ತಿದ್ದ ಕೆಲಸವನ್ನೆಲ್ಲ ತಿರುಗಪ್ಪನ ಬಲಗೈ ಮಾಡುತ್ತಿತ್ತು. ಬೆಳಗಿನಿಂದ ಸಂಜೆವರೆಗೆ ಹ್ಯಾಂಡಲ್ ತಿರುಗಿಸುವುದೇ ಬದುಕಾಗಿ, ಈಗ ಬಲಭುಜ ಬಾಗಿಲಿನ ತುಕ್ಕು ಹಿಡಿದ ಕೀಲಿನ ಹಾಗೆ ಸದ್ದು ಮಾಡುತ್ತಿತ್ತು. ಮನೆಯಲ್ಲಿ ಮೇಲಿನ ಹಲಗೆಯ ಡಬ್ಬ ಬೇಕೆಂದರೆ ಹೆಂಡತಿಯೇ ಸ್ಟೂಲು ಹತ್ತಬೇಕು.

ಭಾವಮೈದುನ ಸುಮ್ಮನೆ ಕೂರುವ ಆಸಾಮಿಯಲ್ಲ. ಎಲ್ಲಿಂದಲೋ ಕಂಪ್ಯೂಟರಿಗೆ ಸಿಕ್ಕಿಸುವ ಒಂದು ಕಾರ್ಡು, ಮೋಟಾರು ಓಡಿಸುವ ಡಬ್ಬಿಗಳು, ಜಡೆ ಬಿಚ್ಚಿದ ಕೂದಲಿನಂಥ ವೈರುಗಳ ಗಂಟು ತರಿಸಿಬಿಟ್ಟ. ತರಿಸಿದ್ದನ್ನು ಯಜಮಾನರಿಗೆ ಹೇಳಿದ. ಯಜಮಾನರು ಅದನ್ನು ಒಬ್ಬ ದೊಡ್ಡ ಗಿರಾಕಿಗೆ ಹೇಳಿಬಿಟ್ಟರು.

ಆ ದಿನ ಬೆಳಿಗ್ಗೆ ತಿರುಗಪ್ಪ ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಯಜಮಾನರು ಬಾಗಿಲಲ್ಲೇ ತಡೆದರು.

"ನೋಡಯ್ಯಾ, ಸಂಜೆ ಅವರು ಬರ್ತಾರೆ. ಕಂಪ್ಯೂಟರಲ್ಲಿ ಮೆಷಿನ್ ಓಡೋದನ್ನ ಕಣ್ಣಾರೆ ನೋಡಿದ್ರೆ ಮಾತ್ರ ಆರ್ಡರ್ ಅಂತೆ. ಅದು ಬರದಿದ್ರೆ ನಾನು ಈ ಶೆಡ್ಡಿಗೆ ಬೀಗ ಹಾಕ್ಬೇಕು."

"ಇವತ್ತು ಸಂಜೇನಾ ಸಾರ್?"

"ನೀನೇ ಅಂದ್ಯಂತಲ್ಲ, ಕಂಪ್ಯೂಟರ್ ಕಟ್ಟಿದ್ರೆ ತಾನಾಗೇ ಓಡುತ್ತೆ ಅಂತ. ಕಟ್ಟು."

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ತಿರುಗಪ್ಪ ನಿಟ್ಟುಸಿರು ಬಿಟ್ಟು ಅಲ್ಮೇರಾದ ಬಾಗಿಲು ತೆಗೆದ. ಒಳಗಿನ ಸತ್ತ ಬೋರ್ಡುಗಳನ್ನೆಲ್ಲ ಕಿತ್ತು ಹೊರಗೆ ಹಾಕಿದ. ಜೇಡರ ಬಲೆ, ಇಲಿಯ ಹಳೆಯ ಗೂಡು, ಯಾವಾಗಲೋ ಕಳೆದುಹೋಗಿದ್ದ ಸ್ಕ್ರೂಡ್ರೈವರು, ಎಲ್ಲವೂ ಬಂದವು. ಮಿದುಳು ಕಳೆದುಕೊಂಡ ಅಲ್ಮೇರಾ ಬಟ್ಟೆ ಇಲ್ಲದ ಬೀರುವಿನ ಹಾಗೆ ಬಾಯಿ ಬಿಟ್ಟುಕೊಂಡು ನಿಂತಿತು.

ಇನ್ನು ಕಂಪ್ಯೂಟರು. ಇಡೀ ಕಾರ್ಖಾನೆಗೆ ಇದ್ದದ್ದು ಒಂದೇ ಒಂದು, ಅದೂ ಲೆಕ್ಕ ಬರೆಯುವ ಲೆಕ್ಕದಮ್ಮನ ಮೇಜಿನ ಮೇಲೆ.

"ಕೊಡೋದಿಲ್ಲ" ಎಂದಳು ಲೆಕ್ಕದಮ್ಮ. "ಇವತ್ತು ಎಲ್ಲರ ಪಗಾರದ ಕೆಲಸ ಇದೆ. ನಿಮಗೆ ಸಂಬಳ ಬೇಡ್ವಾ ತಿರುಗಪ್ಪನೋರೇ?"

"ಬೇಕಮ್ಮಾ. ಆದ್ರೆ ಮೆಷಿನ್ ಓಡದಿದ್ರೆ ಸಂಬಳ ಕೊಡೋರೇ ಇರಲ್ಲ."

ಕೊನೆಗೆ ರಾಜಿಯಾಯಿತು. ಕಂಪ್ಯೂಟರು ಮೆಷಿನ್ನಿನ ಪಕ್ಕಕ್ಕೆ ಬಂತು, ಅದರ ಹಿಂದೆಯೇ ಕುರ್ಚಿ ಹೊತ್ತುಕೊಂಡು ಲೆಕ್ಕದಮ್ಮನೂ ಬಂದಳು. ತಿರುಗಪ್ಪ ವೈರು ಜೋಡಿಸುವಾಗ ಅವಳು ಪಗಾರ ಟೈಪು ಮಾಡುವುದು, ಅವನು ಪರೀಕ್ಷೆ ಮಾಡುವಾಗ ಅವಳು ಕೈ ಕಟ್ಟಿ ಕೂರುವುದು. ಒಪ್ಪಂದ ಚೆನ್ನಾಗಿಯೇ ಇತ್ತು. ಆದರೆ ಅವಳು ಯಾರದೋ ಸಂಬಳ ಟೈಪು ಮಾಡಿ ಎಂಟರ್ ಒತ್ತಿದಳು ನೋಡಿ, ಕಟರು ಗುಂಯ್ ಎಂದು ತಿರುಗಲು ಶುರುವಾಯಿತು. ಲೆಕ್ಕದಮ್ಮ ಕಿಟಾರನೆ ಕಿರುಚಿದಳು. ಮೂಲೆಯ ಲೇಥ್ ನಡೆಸುವ ಅಜ್ಜ ನೋಡಲೆಂದು ಹತ್ತಿರ ಬಂದಿದ್ದವನು ಕೈಲಿದ್ದ ಸ್ಪ್ಯಾನರ್ ಬಿಟ್ಟ. ಅದು ಸೀದಾ ತಿರುಗಪ್ಪನ ಕಾಲ ಮೇಲೆ ಬಿತ್ತು.

"ಓಡ್ತು! ಓಡ್ತು!" ಎಂದು ಭಾವಮೈದುನ ಚಪ್ಪಾಳೆ ತಟ್ಟಿದ.

"ಓಡಿದ್ದು ಮೆಷಿನ್ನಲ್ಲ, ನನ್ನ ಜೀವ" ಎಂದಳು ಲೆಕ್ಕದಮ್ಮ.

ಹೇಗೋ ಕಟರು ಮಾತು ಕೇಳಿತು. ಮೇಲೆ ಕೆಳಗೆ ಹೋಗುವುದೂ ಕೇಳಿತು. ಮುಂದೆ ಹಿಂದೆ ಹೋಗುವುದು ಮೊದಲು ಉಲ್ಟಾ ಕೇಳಿ, ವೈರು ಬದಲಾಯಿಸಿದ ಮೇಲೆ ಸರಿಯಾಗಿ ಕೇಳಿತು. ಆದರೆ ಎಡಕ್ಕೂ ಬಲಕ್ಕೂ ಹೋಗಬೇಕಾದ ಉದ್ದದ ಟೇಬಲ್ಲು ಮಾತ್ರ ಮುನಿಸಿಕೊಂಡ ಮದುಮಗಳ ಹಾಗೆ ಕೂತಲ್ಲಿಂದ ಅಲ್ಲಾಡಲಿಲ್ಲ. ತಿರುಗಪ್ಪ ವೈರು ಬದಲಿಸಿದ, ಡಬ್ಬಿ ಬದಲಿಸಿದ, ಬೇರೆ ಡಬ್ಬಿಯಿಂದ ಕರೆಂಟು ಕೊಟ್ಟು ನೋಡಿದ. ಊಹೂಂ.

ಲೋಕದಲ್ಲಿ ಕೆಟ್ಟ ಮೆಷಿನ್ನಿಗೂ ಹೊಟ್ಟೆನೋವಿಗೂ ಔಷಧಿ ಹೇಳದವರಿಲ್ಲ. ಭಾವಮೈದುನ ಕಂಪ್ಯೂಟರನ್ನು ಆರಿಸಿ ಹಚ್ಚು ಎಂದ. ಲೆಕ್ಕದಮ್ಮ ಕೇಬಲ್ಲನ್ನು ಊದಿ ಚುಚ್ಚಿ ಎಂದಳು. ಲೇಥಿನಜ್ಜ ಬೀಡಿಯ ಬೂದಿ ಕೊಡವಿ, "ಹಳೇ ಎತ್ತಿಗೆ ಹೊಸ ಮೂಗುದಾರ ಹಾಕಿದ್ರೆ ಹೀಗೇ ಕಣೋ. ಅದು ನಿನ್ನ ಕೈಗೆ ಒಗ್ಗಿದೆ. ಇನ್ನೊಬ್ಬರ ಮಾತು ಕೇಳಲ್ಲ" ಎಂದು ಶಾಸ್ತ್ರ ಹೇಳಿದ. ತಿರುಗಪ್ಪ ಎಲ್ಲರ ಮಾತನ್ನೂ ಪಾಲಿಸಿದ. ಬೇಡ ಎನ್ನಲು ಬೇಕಾದ ಶಕ್ತಿಯೂ ಅವನಲ್ಲಿ ಉಳಿದಿರಲಿಲ್ಲ.

ಮಧ್ಯಾಹ್ನ ಅವನು ಗೋಡೆಗೊರಗಿ ಎಡಗೈಯಲ್ಲಿ ಊಟ ಮಾಡಿ, ಡಬ್ಬಿಯ ಮುಚ್ಚಳ ಕೈಯಲ್ಲಿ ಹಿಡಿದೇ ತೂಕಡಿಸಿದ. ಎದ್ದು ನೋಡಿದರೆ ಭಾವಮೈದುನ ಕೈಯಲ್ಲಿ ಬ್ರಷ್ಷು ಹಿಡಿದು ನಿಂತಿದ್ದಾನೆ. ಮೆಷಿನ್ನು ಅಡಿಯಿಂದ ಮುಡಿಯವರೆಗೆ ಗಿಣಿಹಸಿರು.

"ಏನಿದು ಸಣ್ಣ ಯಜಮಾನ್ರೆ?"

"ಓಡದಿದ್ರೂ ನೋಡೋಕಾದ್ರೂ ಲಕ್ಷಣವಾಗಿರ್ಲಿ ಅಂತ. ಹ್ಯಾಂಡಲ್ಲು ಗೀಂಡಲ್ಲು ಎಲ್ಲಾ ಗ್ರೀಸು ಕೆರೆದು, ಎಣ್ಣೆ ಬಿಟ್ಟು, ಬಣ್ಣ ಹೊಡೆದಿದೀನಿ. ಒಣಗೋ ತನಕ ಯಾರೂ ಮುಟ್ಟಬೇಡಿ!"

ಮುಟ್ಟದೆ ರಿಪೇರಿ ಮಾಡುವ ವಿದ್ಯೆ ತಿರುಗಪ್ಪನಿಗೆ ಗೊತ್ತಿರಲಿಲ್ಲ. ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಹೊರಗೆ ಕಾರು ನಿಂತ ಸದ್ದಾಯಿತು. ಸಂಜೆ ಬರಬೇಕಾದ ಗಿರಾಕಿ ಮಧ್ಯಾಹ್ನವೇ ಬಂದಿದ್ದ. ಯಜಮಾನರು ನಗುವಿನಲ್ಲೇ ಬೆವರುತ್ತ ಅವನನ್ನು ಎದುರುಗೊಂಡು, ಆಫೀಸಿನ ಕೋಣೆಯಲ್ಲಿ ಕೂರಿಸಿ ಟೀ ತರಿಸಿದರು.

ತಿರುಗಪ್ಪನ ಮುಖ ಸುಣ್ಣದ ಗೋಡೆಯಾಯಿತು. "ಅಜ್ಜಾ, ನಾನು ಕೆಟ್ಟೆ."

ಲೇಥಿನಜ್ಜ ಅವನ ಮುಖ ನೋಡಿದ, ಮೆಷಿನ್ನು ನೋಡಿದ, ಬಾಯಿ ಬಿಟ್ಟು ನಿಂತ ಅಲ್ಮೇರಾ ನೋಡಿದ. ಅಲ್ಮೇರಾದ ಪಕ್ಕದಲ್ಲೇ ಟೇಬಲ್ಲಿನ ಹ್ಯಾಂಡಲ್ಲು. ನಡುವೆ, ದಪ್ಪ ಕೇಬಲ್ಲು ಹೋಗುತ್ತಿದ್ದ ತೂತು. ಒಂದು ಕೈ ಆರಾಮವಾಗಿ ತೂರುತ್ತದೆ, ಟೇಬಲ್ಲಿನ ಮರೆಯಲ್ಲಿ ಎದುರು ನಿಂತವರಿಗೆ ಕಾಣುವುದಿಲ್ಲ.

"ಒಳಗೆ ಹೋಗು" ಎಂದ ಅಜ್ಜ.

"ಎಲ್ಲಿಗೆ?"

"ಕಟರ್ ಇಳಿಸೋದು ಏರಿಸೋದು ಕಂಪ್ಯೂಟರ್ ಮಾಡುತ್ತೆ. ಟೇಬಲ್ಲನ್ನ ಒಳಗಿಂದ ನೀನು ತಿರುಗಿಸು. ತುಂಡಿನಲ್ಲಿ ಕಾಲುವೆ ಹಾಗೆ ಒಂದು ಉದ್ದ ಸ್ಲಾಟು ಕೊರೆಯೋದು ತಾನೇ? ಇಷ್ಟು ವರ್ಷ ತಿರುಗಿಸಿದೀಯ, ಇನ್ನೊಂದು ಸಲ ತಿರುಗಿಸಿದ್ರೆ ಕೈ ಬಿದ್ದುಹೋಗಲ್ಲ."

"ಯಜಮಾನ್ರಿಗೆ ಹೇಳ್ಬೇಡ್ವಾ?"

"ಹೇಳಿದ್ರೆ ಅವರ ಮುಖಾನೇ ಹೇಳಿಬಿಡುತ್ತೆ. ನಡಿ ನಡಿ."

ತಿರುಗಪ್ಪ ಅಲ್ಮೇರಾದೊಳಗೆ ಕುಕ್ಕರಗಾಲಲ್ಲಿ ಕೂತ. ಅಜ್ಜ ಬಾಗಿಲು ಮುಚ್ಚಿದ. ಒಳಗೆ ಇಲಿ ವಾಸನೆ, ಹೊರಗಿಂದ ಬಣ್ಣದ ವಾಸನೆ. ಬಾಗಿಲಿನ ಗಾಳಿಕಿಂಡಿಗಳಲ್ಲಿ ಟೇಬಲ್ಲು ಪಟ್ಟಿ ಪಟ್ಟಿಯಾಗಿ ಕಾಣುತ್ತಿತ್ತು. ತೂತಿನಿಂದ ಕೈ ಹೊರಹಾಕಿ ಹ್ಯಾಂಡಲ್ ಹಿಡಿದರೆ ಹಸಿ ಬಣ್ಣ ಪಚಕ್ ಎಂದು ಅಂಗೈಗೆ ಮೆತ್ತಿಕೊಂಡಿತು.

ಗಿರಾಕಿ ಬಂದು ನಿಂತ. ಭಾರಿ ಆಳು, ಅಳೆದು ಮಾತಾಡುವವನು. ಭಾವಮೈದುನ, "ಎಲ್ಲಾ ಕಂಪ್ಯೂಟರೇ ಸಾರ್, ಮನುಷ್ಯರ ಕೈ ಸೋಕಲ್ಲ" ಎಂದು ವಿವರಿಸಿದ. ಲೆಕ್ಕದಮ್ಮ ಕಣ್ಣು ಮುಚ್ಚಿಕೊಂಡು ಎಂಟರ್ ಒತ್ತಿದಳು. ಕಟರು ತಿರುಗಿತು, ಅಲ್ಯೂಮಿನಿಯಂ ತುಂಡಿನೊಳಕ್ಕೆ ಇಳಿಯಿತು. ತಿರುಗಪ್ಪ ಹಲ್ಲು ಕಚ್ಚಿ ಹ್ಯಾಂಡಲ್ ತಿರುಗಿಸಿದ.

ಟೇಬಲ್ಲು ಹೊರಟಿತು!

ಆಶ್ಚರ್ಯ ಎಂದರೆ ಭುಜ ನೋಯಲಿಲ್ಲ. ಹ್ಯಾಂಡಲ್ಲು ಹೂವಿನಷ್ಟು ಹಗುರ. ಎಣ್ಣೆ ಬಿಟ್ಟ ಪುಣ್ಯಾತ್ಮನ ಹೊಟ್ಟೆ ತಣ್ಣಗಿರಲಿ ಎಂದುಕೊಂಡ. ನಡುವೆ ಬಣ್ಣದ ಘಾಟಿಗೆ ಸೀನು ಬಂತು, ಮೂಗು ಅದುಮುವ ಗಡಿಬಿಡಿಯಲ್ಲಿ ಲಯ ತಪ್ಪಿತು, ಮತ್ತೆ ಹಿಡಿದ. ದೇವರು ದೊಡ್ಡವನು, ಹೊರಗೆ ಯಾರಿಗೂ ಗೊತ್ತಾಗಲಿಲ್ಲ. ಕಟರು ತುದಿ ಮುಟ್ಟಿ ಮೇಲೆದ್ದಿತು. ತಿರುಗಪ್ಪ ಕತ್ತಲಲ್ಲಿ ಕಣ್ಣು ಮುಚ್ಚಿ ಉಸಿರು ಬಿಟ್ಟ.

ಗಿರಾಕಿ ತುಂಡನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದ. ಸ್ಲಾಟಿನೊಳಗೆ ಬೆರಳಾಡಿಸಿದ. "ಕನ್ನಡಿ ಇದ್ದಂಗಿದೆಯಲ್ರೀ" ಎಂದ.

ಯಜಮಾನರು ಉಬ್ಬಿಹೋದರು. "ಇನ್ನು ಮೇಲೆ ಈ ಮೆಷಿನ್ನಿಗೆ ಆಳೇ ಬೇಡ ಸಾರ್. ಇಲ್ಲೊಬ್ಬ ಹ್ಯಾಂಡಲ್ ತಿರುಗಿಸೋನಿದ್ದ, ಪಾಪ, ಭುಜ ಬೇರೆ ಹೋಗಿದೆ. ನಾಳೆಯಿಂದ ಅವನನ್ನ ಮನೆಗೆ ಕಳಿಸಿಬಿಡ್ತೀನಿ."

ಅಲ್ಮೇರಾದೊಳಗೆ ತಿರುಗಪ್ಪ ಹ್ಯಾಂಡಲ್ಲಿನಿಂದ ಕೈ ಕಿತ್ತುಕೊಂಡ. ತಾನು ಕೂತು ತೋಡುತ್ತಿದ್ದುದು ತನ್ನದೇ ಗುಂಡಿ! ಹೆಂಡತಿಯ ಮುಖ, ಸ್ಟೂಲು, ಖಾಲಿ ಡಬ್ಬಗಳು ಕಣ್ಣ ಮುಂದೆ ಸಾಲಾಗಿ ಬಂದವು. ಸುಮ್ಮನಿದ್ದರೆ ಕೆಲಸ ಹೋಗುತ್ತದೆ, ಹೇಳಿದರೆ ಆರ್ಡರು ಹೋಗುತ್ತದೆ. ಯೋಚಿಸಲು ಅವಕಾಶ ಎಲ್ಲಿ? ಕಾಲು ಜೋಮು ಹಿಡಿದು, ಅವನು ಅಲ್ಲಾಡಿದ ರಭಸಕ್ಕೆ ಬಾಗಿಲು ತೆರೆದುಕೊಂಡು ದಬಕ್ಕನೆ ಗಿರಾಕಿಯ ಕಾಲ ಬುಡಕ್ಕೇ ಬಿದ್ದ.

"ಇದೇನ್ರೀ! ನಿಮ್ಮ ಕಂಪ್ಯೂಟರ್ ಮನುಷ್ಯನ್ನ ಹಡೀತಾ?" ಎಂದು ಗಿರಾಕಿ ಹಿಂದಕ್ಕೆ ಹಾರಿದ.

"ಸಾರ್, ತಪ್ಪಾಯ್ತು. ಟೇಬಲ್ ಓಡಿಸಿದ್ದು ಕಂಪ್ಯೂಟರಲ್ಲ. ನಾನು. ಈ ಕೈಯಲ್ಲೇ ತಿರುಗಿಸಿದ್ದು" ಎಂದು ತಿರುಗಪ್ಪ ಗಿಣಿಹಸಿರು ಅಂಗೈಯನ್ನು ಮೇಲೆತ್ತಿದ.

ಯಜಮಾನರು ಕುರ್ಚಿ ಹುಡುಕಿದರು. ಕುರ್ಚಿಯಲ್ಲಿ ಲೆಕ್ಕದಮ್ಮ ಕೂತಿದ್ದಳು. ಗಿರಾಕಿ ಆ ಹಸಿರು ಅಂಗೈ ನೋಡಿದ, ಹ್ಯಾಂಡಲ್ಲಿನ ಮೇಲೆ ಬಣ್ಣ ಕದಡಿದ್ದನ್ನು ನೋಡಿದ, ಮತ್ತೆ ಸ್ಲಾಟು ನೋಡಿದ.

"ಇದನ್ನ ಕೈಯಲ್ಲಿ ತಿರುಗಿಸಿದ್ಯಾ?"

"ಹೂಂ ಸಾರ್."

"ಇಷ್ಟು ನುಣ್ಣಗೆ?"

"ಹೂಂ ಸಾರ್."

ಗಿರಾಕಿ ತಿರುಗಪ್ಪನ ಎರಡೂ ಕೈ ಹಿಡಿದು ಎಬ್ಬಿಸಿದ. "ಯಜಮಾನ್ರೆ, ಕಂಪ್ಯೂಟರ್ ಊರಿಗೆಲ್ಲ ಇದೆ. ನನ್ನ ಮಾಲು ಅರ್ಧ ಹಾಳು ಮಾಡಿದ್ದೇ ಅವು. ಕೇಳಿದ್ರೆ ಪ್ರೋಗ್ರಾಂ ತಪ್ಪು ಅಂತಾರೆ, ಯಾರ ಕೊರಳಪಟ್ಟಿ ಹಿಡೀಲಿ? ಇಂಥ ಕೈ ನಾನು ಎಲ್ಲೂ ನೋಡಿಲ್ಲ. ಆರ್ಡರ್ ನಿಮಗೇ, ಪೂರ್ತಿ. ಆದ್ರೆ ಒಂದು ಕರಾರು. ಎಲ್ಲಾ ಪೀಸೂ ಇವರೇ, ಈ ಕೈಯಲ್ಲೇ ಮಾಡಬೇಕು. ನಮ್ಮ ಕಡೆಯವನೊಬ್ಬ ದಿನಾ ಬಂದು ಪಕ್ಕದಲ್ಲಿ ಕೂತಿರ್ತಾನೆ."

ಯಜಮಾನರು ಗಿರಾಕಿಯನ್ನು ಕಾರಿನವರೆಗೆ ಬಿಟ್ಟು ಬಂದು ತಿರುಗಪ್ಪನನ್ನು ಅಪ್ಪಿಕೊಂಡರು. ಲೆಕ್ಕದಮ್ಮ ಅಷ್ಟರಲ್ಲೇ ವೈರುಗಳನ್ನೆಲ್ಲ ಕಿತ್ತು, ಕಂಪ್ಯೂಟರನ್ನು ಕಂಕುಳಲ್ಲಿಟ್ಟುಕೊಂಡು ತನ್ನ ಮೇಜಿಗೆ ಹೊರಟಿದ್ದಳು. ಭಾವಮೈದುನ ಜೇಬಿನಿಂದ ಬೆರಳುದ್ದದ ಒಂದು ಕಬ್ಬಿಣದ ಪಿನ್ನು ತೆಗೆದ.

"ತಿರುಗಪ್ಪಾ, ತಗೋ. ಹ್ಯಾಂಡಲ್ಲಿನ ಬುಡದಲ್ಲಿ ಗ್ರೀಸಿನೊಳಗೆ ಸಿಕ್ತು. ಬಣ್ಣ ಹೊಡೆಯೋಕೆ ಅಡ್ಡ ಬರ್ತಿತ್ತು ಅಂತ ಮಧ್ಯಾಹ್ನ ಕಿತ್ತಿದ್ದೆ. ಬೇಕಾ, ಎಸೀಲಾ?"

ತಿರುಗಪ್ಪ ಪಿನ್ನು ನೋಡಿದ. ಹೋಗಿ ಹ್ಯಾಂಡಲ್ಲನ್ನು ಒಂದೇ ಬೆರಳಲ್ಲಿ ತಳ್ಳಿದ. ಅದು ಗಿರಗಿರನೆ ತಿರುಗಿತು, ಮಕ್ಕಳ ಗಿರಗಟ್ಟೆಯ ಹಾಗೆ. ಟೇಬಲ್ಲು ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ.

ಅವನಿಗೆ ಎಲ್ಲವೂ ಅರ್ಥವಾಯಿತು. ಮೆಷಿನ್ನಿನ ಮಿದುಳು ಸತ್ತ ಕಾಲದಲ್ಲಿ ಬಡಿದು, ಗ್ರೀಸಿನಡಿ ಎಲ್ಲರೂ ಮರೆತಿದ್ದ ಪಿನ್ನು ಅದು. ಪಿನ್ನು ಒಳಗಿದ್ದರೆ ಹ್ಯಾಂಡಲ್ಲು ಟೇಬಲ್ಲಿಗೆ ಕಚ್ಚಿಕೊಳ್ಳುತ್ತದೆ. ಯಾರೋ ಕೈಯಿಂದ ತಿರುಗಿಸುತ್ತಿದ್ದಾರೆ ಎಂದುಕೊಂಡು ಮೆಷಿನ್ನು ಮೋಟಾರಿನ ಕರೆಂಟು ಕಡಿದುಬಿಡುತ್ತದೆ. ಬೆಳಗಿನಿಂದ ಟೇಬಲ್ಲು ಮುನಿಸಿಕೊಂಡಿದ್ದು ಅದಕ್ಕೆ. ಪಿನ್ನು ಕಿತ್ತಮೇಲೆ ಓಡಿಸಿದ್ದು ಕಂಪ್ಯೂಟರೇ. ಅವನು ಒಳಗೆ ಕೂತು ತಿರುಗಿಸಿದ್ದು ಬರೀ ಗಾಳಿ.

"ಸಾರ್!" ಎಂದು ಕೂಗಿಕೊಂಡ. "ನಾನಲ್ಲ ಸಾರ್ ಮಾಡಿದ್ದು! ಕಂಪ್ಯೂಟರೇ ಮಾಡಿದ್ದು! ನನ್ನ ಕೈಯಲ್ಲಿ ಅಷ್ಟು ನುಣ್ಣಗೆ ಬರೋದೇ ಇಲ್ಲ ಸಾರ್!"

ಯಜಮಾನರು ಅವನ ಹಸಿರು ಅಂಗೈ ನೋಡಿ ಮುಗುಳ್ನಕ್ಕರು. "ಸಾಕು ಕಣಯ್ಯಾ. ವಿನಯಕ್ಕೂ ಒಂದು ಮಿತಿ ಇರ್ಬೇಕು."

"ಅಜ್ಜಾ, ನೀನಾದ್ರೂ ಹೇಳು!"

ಲೇಥಿನಜ್ಜ ಹೊಸ ಬೀಡಿ ಹಚ್ಚಿದ. "ನಾನು ಬೆಳಿಗ್ಗೇನೇ ಹೇಳ್ಲಿಲ್ವೇನೋ, ಅದು ನಿನ್ನ ಕೈಗೆ ಒಗ್ಗಿದೆ ಅಂತ."

ತಿರುಗಪ್ಪ ಪಿನ್ನನ್ನು ಸುತ್ತಿಗೆಯಿಂದ ಒಳಕ್ಕೆ ಬಡಿದ. ಹೊಸ ತುಂಡು ಕಟ್ಟಿ, ಬಿಗಿದುಕೊಂಡ ಹ್ಯಾಂಡಲ್ಲಿಗೆ ಎರಡೂ ಕೈ ಹಾಕಿ ತಿರುಗಿಸಿದ. ಭುಜ ಕಿರ್ರೆಂದಿತು. ಟೇಬಲ್ಲು ಮುಗ್ಗರಿಸಿ, ನಿಂತು, ಮತ್ತೆ ಮುಗ್ಗರಿಸಿ ತುದಿ ಸೇರಿತು. ಸ್ಲಾಟಿನೊಳಗೆ ಬೆರಳಿಟ್ಟರೆ ಅಲೆ ಅಲೆ, ಬಟ್ಟೆ ತಿಕ್ಕುವ ಹಲಗೆಯ ಹಾಗೆ.

ಯಜಮಾನರು ಬಗ್ಗಿ ನೋಡಿದರು. ಅವನ ಬಲಭುಜದ ಮೇಲೆ ಪ್ರೀತಿಯಿಂದ ಎರಡು ಸಲ ತಟ್ಟಿದರು. ತಿರುಗಪ್ಪನ ಕಣ್ಣಲ್ಲಿ ನೀರು ಬಂತು.

"ಇವತ್ತು ಸುಸ್ತಾಗಿದೀಯ, ಮನೆಗೆ ಹೋಗಿ ಮಲಗು" ಎಂದರು. "ನಾಳೆ ಅವರ ಆಳು ಬಂದು ಕೂತ ತಕ್ಷಣ ಮಧ್ಯಾಹ್ನ ಮಾಡಿದ್ಯಲ್ಲ, ಹಾಗೇ ಮಾಡು. ಸಾಕು."