ಅಗ್ಗದ ಲೆನ್ಸಿನ ಅಗ್ನಿಪರೀಕ್ಷೆ

"ಮೂರೇ ದಿನ! ಮೂರು ದಿನದಲ್ಲಿ ಈ ಲೆನ್ಸಿನ ಹಣೆಬರಹ ನಾನೇ ಬರೀತೀನಿ!"

ಕಿತ್ತಳೆಹಣ್ಣಿನಷ್ಟು ಗಾತ್ರದ, ಅದಕ್ಕಿಂತ ಹಗುರವಾದ ಕ್ಯಾಮೆರಾದ ಪ್ಲಾಸ್ಟಿಕ್ ಲೆನ್ಸನ್ನು ಅಂಗೈಯಲ್ಲಿಟ್ಟುಕೊಂಡು ಭೂತಗನ್ನಡಿಯವರು ಘೋಷಿಸಿದರು. ಮುದ್ರಣಾಲಯದಲ್ಲಿ ಕರಡು ತಿದ್ದುವುದು ಅವರ ಕೆಲಸ. ತಪ್ಪಿದ ಒಂದು ಒತ್ತಕ್ಷರವೂ ಆ ಕಣ್ಣಿಂದ ಪಾರಾಗದು. ಅದಕ್ಕೇ ಆ ಅಡ್ಡಹೆಸರು. ಇನ್ನು ಈ ಲೆನ್ಸೋ, ಹೊಸಬರು ಮೊದಲಿಗೆ ಕೊಳ್ಳುವ ಅತಿ ಅಗ್ಗದ ಮಾಲು. ಬಳಸಲು ಯೋಗ್ಯವೋ, ಕಪಾಟಿನಲ್ಲಿ ಧೂಳು ತಿನ್ನಲು ಯೋಗ್ಯವೋ ಎಂಬ ತೀರ್ಪು ಅವರ ಕೈಯಲ್ಲಿತ್ತು!

"ಬರೆಯೋದಾ? ನಿಮ್ಮ ಕೆಲಸ ತಿದ್ದೋದಲ್ವಾ?" ಅಂದರು ಹೆಂಡತಿ, ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಲೇ. ಮೂವತ್ತೆರಡು ವರ್ಷದಿಂದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಆಕೆಯನ್ನು ಬೀದಿಯವರೆಲ್ಲ 'ಸಿಸ್ಟರ್' ಎನ್ನುತ್ತಿದ್ದರು. ಒಮ್ಮೊಮ್ಮೆ ಗಂಡನ ಬಾಯಿಂದಲೂ ಅದೇ ಜಾರಿ, ಅವತ್ತು ಕಾಫಿ ಎರಡು ಗಂಟೆ ತಡವಾಗುತ್ತಿತ್ತು.

ಪರೀಕ್ಷೆ ಶುರುವಾಯಿತು. ಲೆನ್ಸಿನ ಬಾಯಿ ಪೂರ್ತಿ ತೆರೆದಿಟ್ಟರೆ ಮುಂದಿನ ವಸ್ತು ಚೂಪು, ಹಿಂದಿನದೆಲ್ಲ ಬೆಣ್ಣೆಯಂತೆ ಮಸುಕು! ಬಾಗಿಲ ಚಿಲಕ, ಸೋಪಿನ ಡಬ್ಬಿ, ಒಣಗಲು ಹಾಕಿದ ಕಾಲುಚೀಲ, ಯಾವುದನ್ನೂ ಬಿಡಲಿಲ್ಲ.

"ನೋಡೇ, ಚಿಲಕದ ಹಿಂದೆ ಇಡೀ ಮನೆ ಮಾಯ!"

"ಕೆಲಸದ ಹೊತ್ತಿಗೆ ನೀವು ಮಾಯ ಆಗೋದು ಸಾಲದು ಅಂತ ಮನೇನೂ ಮಾಯ ಮಾಡಿದ್ರಾ?"

ಶುಕ್ರವಾರ ಸಂಜೆ ಫೋನು ಬಂತು. ಮಾತಾಡಿ ಇಟ್ಟ ಸಿಸ್ಟರ್ ಮುಖ ಸಪ್ಪಗಾಗಿತ್ತು. ಮರುದಿನವೇ ಅವರ ನಿವೃತ್ತಿ. ಆಸ್ಪತ್ರೆಯವರು ಗೊತ್ತುಮಾಡಿದ್ದ ಫೋಟೋಗ್ರಾಫರು ಕಾಲು ಉಳುಕಿಸಿಕೊಂಡು ಮಲಗಿದ್ದನಂತೆ.

"ನಾನಿದ್ದೀನಲ್ಲ!" ಎದೆ ತಟ್ಟಿಕೊಂಡರು ಭೂತಗನ್ನಡಿ.

"ಅದೇ ಭಯ ನನಗೆ." ಆಮೇಲೆ ಆಕೆ ದನಿ ತಗ್ಗಿಸಿದರು. "ರೀ, ಒಂದೇ ಒಂದು ಗ್ರೂಪ್ ಫೋಟೋ ಸಾಕು. ನನ್ನ ವಾರ್ಡಿನವರೆಲ್ಲ ಅದರಲ್ಲಿರಬೇಕು. ನಾಳೆ ಬಿಟ್ಟರೆ ಮತ್ತೆ ಅಷ್ಟೂ ಜನ ಒಟ್ಟಿಗೆ ಸಿಗಲ್ಲ. ಹಳೇ ಜೂಮ್ ಲೆನ್ಸೂ ಇಟ್ಕೊಳ್ಳಿ."

"ರಣರಂಗಕ್ಕೆ ಎರಡು ಕತ್ತಿ ಯಾಕೆ?" ಎಂದು ಅವರು ಮರುದಿನ ಅಗ್ಗದ ಲೆನ್ಸೊಂದನ್ನೇ ಹೊತ್ತು ಹೊರಟರು.

ಮಧ್ಯಾಹ್ನ ಎರಡು ಗಂಟೆ. ಬೆಳಗಿನ ಪಾಳಿಯವರು ಹೋಗುವ, ಸಂಜೆ ಪಾಳಿಯವರು ಬರುವ ಹೊತ್ತು. ಎರಡೂ ಪಾಳಿ ಒಟ್ಟಿಗೆ ಸಿಗುವುದು ಹತ್ತೇ ನಿಮಿಷ. ಉದ್ದನೆಯ ಪಡಸಾಲೆಯಲ್ಲಿ ಇಪ್ಪತ್ತೆರಡು ಜನ ಮೂರು ಸಾಲಾಗಿ ನಿಂತರು. ನಟ್ಟ ನಡುವೆ ಸಿಸ್ಟರ್. ಹಿಂದಿನ ಸಾಲಿಗೂ ಹಿಂದೆ ಒಬ್ಬರೇ ಮುಖ್ಯ ನರ್ಸಮ್ಮ. ರಜೆಯ ವಿಷಯಕ್ಕೆ ಜಗಳವಾಗಿ ಸಿಸ್ಟರ್ ಈಕೆಯ ಜೊತೆ ಮಾತು ಬಿಟ್ಟು ಹನ್ನೊಂದು ವರ್ಷ.

ಭೂತಗನ್ನಡಿ ಕಣ್ಣಿಟ್ಟು ನೋಡಿದರು. ಚೌಕಟ್ಟಿನಲ್ಲಿ ಕಂಡಿದ್ದು ಏಳೇ ಜನ!

"ಜೂಮ್ ಮಾಡ್ರೀ!" ಸಿಸ್ಟರ್ ಹಲ್ಲು ಕಚ್ಚಿ ನಗುತ್ತಲೇ ಗುಡುಗಿದರು.

"ಇದರಲ್ಲಿ ಜೂಮ್ ಇಲ್ಲ ಕಣೇ. ಕಾಲೇ ಜೂಮ್!"

ಹಿಂದೆ ಹೆಜ್ಜೆ ಇಟ್ಟರು. ಹತ್ತು ಜನ. ಇನ್ನೂ ಹಿಂದೆ. ಹದಿನೈದು. ಗಡಿಯಾರದಲ್ಲಿ ಎರಡೂ ಏಳು. ಲೆನ್ಸು ಯಾವ ಮುಖ ಹಿಡಿಯಲಿ ಎಂದು ತಿಳಿಯದೆ 'ಝುಂಯ್ ಝುಂಯ್' ಎಂದು ಪರದಾಡುತ್ತಿತ್ತು. ಹತ್ತೊಂಬತ್ತು. ಇಪ್ಪತ್ತು. ಎರಡೂ ಒಂಬತ್ತು!

"ಸಾರ್, ಹಿಂದೆ..." ಯಾರೋ ಕೂಗಿದರು.

"ಅಲುಗಾಡಬೇಡಿ!" ಎಂದು ಗದರಿಸಿ ಇನ್ನೊಂದು ಹೆಜ್ಜೆ ಇಟ್ಟರು. ಇಪ್ಪತ್ತೆರಡು! ಕ್ಲಿಕ್!

ಅದೇ ಕ್ಷಣ ಮೊಣಕಾಲ ಹಿಂದೆ ಏನೋ ತಗುಲಿ ಧೊಪ್ಪನೆ ಕೂತರು. ಗಾಲಿಕುರ್ಚಿ! ಹಿಂದೆ ಇಳಿಜಾರು! ಅಲುಗಾಡಬೇಡಿ ಎಂದವರೇ ಸಪರಿವಾರ, ಅಂದರೆ ಕ್ಯಾಮೆರಾ ಸಮೇತ, ಹಿಮ್ಮುಖವಾಗಿ ಪ್ರಯಾಣ ಬೆಳೆಸಿದರು. ಗಾಬರಿಗೆ ಬೆರಳು ಇನ್ನೊಮ್ಮೆ ಅದುಮಿತು. ಸಿಸ್ಟರ್ ಸಾಲು ಮುರಿದು ಓಡಿ ಬಂದು, ಗೋಡೆಗೆ ಇನ್ನೊಂದು ಮಾರು ಇರುವಾಗ ಕುರ್ಚಿಯ ಕೈ ಹಿಡಿದು ನಿಲ್ಲಿಸಿದರು. ಅಷ್ಟರಲ್ಲಿ ತುರ್ತು ಗಂಟೆ ಮೊಳಗಿತು. ಕಣ್ಣು ಮಿಟುಕಿಸುವುದರಲ್ಲಿ ಪಡಸಾಲೆ ಖಾಲಿ!

"ಬಂದಿದೆಯಾ?" ಏದುಸಿರಿನಲ್ಲಿ ಸಿಸ್ಟರ್ ಕೇಳಿದ್ದು ಅದೊಂದೇ.

"ಬಂಗಾರದಂತೆ ಬಂದಿದೆ!" ಕ್ಯಾಮೆರಾದ ಬೆಂಕಿಪೊಟ್ಟಣದಷ್ಟು ಪರದೆ ನೋಡಿ ಹೇಳಿದರು.

ಮನೆಗೆ ಬಂದು ಕಂಪ್ಯೂಟರಿಗೆ ಹಾಕಿದರು. ಚಿತ್ರ ದೊಡ್ಡದಾಯಿತು. ಇಪ್ಪತ್ತೆರಡು ಜನರಲ್ಲಿ ಇಪ್ಪತ್ತೊಂದು ಜನ ಹಾಲಿನಲ್ಲಿ ಅದ್ದಿ ತೆಗೆದಂತೆ ಮಸುಕಾಗಿದ್ದರು. ಒಬ್ಬರು ಮಾತ್ರ ರೆಪ್ಪೆಗೂದಲು ಎಣಿಸುವಷ್ಟು ಚೂಪು. ಮುಖ್ಯ ನರ್ಸಮ್ಮ!

ಸಿಸ್ಟರ್ ಬೈಯಲಿಲ್ಲ. ಬೈದಿದ್ದರೆ ಗಂಡ ಬದುಕಿಕೊಳ್ಳುತ್ತಿದ್ದರು. ಆಕೆ ಕುರ್ಚಿ ಎಳೆದು ಕೂತರು. ಕಣ್ಣು ತುಂಬಿತ್ತು. ಭೂತಗನ್ನಡಿಯವರಿಗೆ ತಮ್ಮ ಮೂವತ್ತು ವರ್ಷದ ಹೆಮ್ಮೆಯೆಲ್ಲ ಒಂದೇ ಏಟಿಗೆ ಅಚ್ಚಿನ ಮನೆಯ ಕಸದ ಬುಟ್ಟಿಗೆ ಬಿದ್ದಂತಾಯಿತು. ಮುಂದಿನ ಚಿತ್ರ ಒತ್ತಿದರು.

ಇಳಿಜಾರಿನ ಚಿತ್ರ. ಹಿಂದೆ ಗಾಬರಿಯಾದ ಬಿಳಿ ಸಮವಸ್ತ್ರಗಳ ಮಂಜು. ಮುಂದೆ ಸಿಸ್ಟರ್, ಕೈ ಚಾಚಿ, ಕೂದಲು ಬಿಚ್ಚಿ, ಓಡಿ ಬರುತ್ತಿದ್ದಾರೆ. ಹಣೆಯ ಒಂದೊಂದು ಗೆರೆಯೂ ಸ್ಪಷ್ಟ. ಮೂವತ್ತೆರಡು ವರ್ಷ ಅವರು ರೋಗಿಗಳ ಕಡೆ ಓಡಿದ್ದೆಲ್ಲ ಆ ಒಂದು ಮುಖದಲ್ಲಿತ್ತು.

"ಇದು ನಾನಾ?" ಸಿಸ್ಟರ್ ಪರದೆಯ ಹತ್ತಿರಕ್ಕೆ ಬಾಗಿ ಕೇಳಿದರು. "ಇದನ್ನ ದೊಡ್ಡದು ಮಾಡಿಸಿ ನಡುಮನೆಗೆ ಹಾಕೋಣ."

ಭೂತಗನ್ನಡಿಯವರಿಗೆ ಹೋದ ಜೀವ ಬಂತು. ಜೊತೆಗೆ ಹೋದ ಜಂಬವೂ ಬಂತು. "ತೀರ್ಪು ಹೊರಬಿತ್ತು! ಲೆನ್ಸು ಅಪ್ಪಟ ಯೋಗ್ಯ! ಗುಂಪು ತೆಗೆಯೋಕಾಗದ ಒಂದು ದೋಷ ಇದೆ, ಅಗ್ಗದ್ದಲ್ವಾ, ಇರಲಿ!"

ಸಿಸ್ಟರ್ ಲೆನ್ಸಿನ ಡಬ್ಬಿಗೆ ಕೈ ಹಾಕಿ, ತಳದಲ್ಲಿದ್ದ ಸೂಚನೆಯ ಪುಸ್ತಕ ತೆಗೆದು ಪುಟ ತಿರುವಿದರು. ಪುಟದ ತುಂಬ ಕೆಂಪು ಶಾಯಿಯ ಗುರುತು.

"ಇದನ್ನ ಓದಿದ್ದೀರಾ?"

"ಅಕ್ಷರ ಅಕ್ಷರ ಬಿಡದೆ! ಹದಿನಾಲ್ಕು ತಪ್ಪು ತಿದ್ದಿದ್ದೀನಿ!"

ಸಿಸ್ಟರ್ ಗಟ್ಟಿಯಾಗಿ ಓದಿದರು: "'ಗುಂಪು ಚಿತ್ರಕ್ಕೆ ಲೆನ್ಸಿನ ಬಾಯಿ ಕಿರಿದು ಮಾಡಿ, ಸಂಖ್ಯೆ ಎಂಟಕ್ಕೆ ಇಡಿ. ಆಗ ಎಲ್ಲರ ಮುಖವೂ ಸ್ಪಶ್ಟ.'" ತಲೆ ಎತ್ತಿ ಗಂಡನ ಮುಖ ನೋಡಿದರು. "'ಸ್ಪಶ್ಟ'ವನ್ನ ತಿದ್ದಿ 'ಸ್ಪಷ್ಟ' ಮಾಡಿದ್ದೀರಲ್ಲ ರೀ... ಕಾಗದದಲ್ಲಿ ಮಾತ್ರ ಯಾಕೆ ಮಾಡಿದ್ರಿ?"