ತಲೆಯ ಮೇಲಿನ ಸಣ್ಣ ಮೂರು

ಮಕ್ಕಳ ಮುಂದೆ ‘ನನಗೆ ಗೊತ್ತಿಲ್ಲ’ ಎನ್ನುವುದು ಯಾವ ಅಪ್ಪನಿಗೂ ಸುಲಭವಲ್ಲ. ಗೊತ್ತಿಲ್ಲದಿರುವುದು ಬಹಳ ಸುಲಭ. ಬಾಯಿಬಿಟ್ಟು ಹೇಳುವುದೇ ಕಷ್ಟ. ತೆಲುಗು ಸೀಮೆಯ ತಾಂಡೂರಿನಲ್ಲಿ ನನ್ನದು ನೆಲಕ್ಕೆ ಹಾಸುವ ಫರಸಿ ಕಲ್ಲಿನ ವ್ಯಾಪಾರ. ಯಾವ ಕೋಣೆಗೆ ಎಷ್ಟು ಕಲ್ಲು ಬೇಕೆಂದು ನಿಂತ ನಿಲುವಿನಲ್ಲೇ ಹೇಳುತ್ತೇನೆ. ಹಾಗಾಗಿ ಲೆಕ್ಕದಲ್ಲಿ ನಾನು ಹುಲಿ ಎಂಬ ನಂಬಿಕೆ ನಮ್ಮ ಮನೆಯಲ್ಲಿ ನನಗೊಬ್ಬನಿಗೆ ಗಟ್ಟಿಯಾಗಿತ್ತು.

ಒಂಬತ್ತನೆಯ ತರಗತಿಯ ಮಗಳು ಅಂಬಿಕಾ ಆ ಸಂಜೆ ಘಾತಾಂಕದ ನಿಯಮಗಳ ಮುಂದೆ ಕುಳಿತು ಅಳುತ್ತಿದ್ದಳು. ಪಾಠ ಕೇಳುವುದು ತೆಲುಗಿನಲ್ಲಾದರೂ ಅಳುವುದು ಕನ್ನಡದಲ್ಲೇ. ಗುಣಿಸಿದರೆ ಘಾತ ಕೂಡಬೇಕು, ಭಾಗಿಸಿದರೆ ಕಳೆಯಬೇಕು, ಘಾತ ಸೊನ್ನೆಯಾದರೆ ಉತ್ತರ ಒಂದು. ಎಲ್ಲ ಬಾಯಿಪಾಠ, ಯಾಕೆಂದು ಮಾತ್ರ ತಿಳಿಯದು. ಮರುದಿನ ಟೆಸ್ಟು. ಅದರಲ್ಲಿ ತಪ್ಪಿದರೆ ಗಣಿತ ಪ್ರತಿಭಾ ಪರೀಕ್ಷೆಗೆ ಕಳಿಸುವ ಮಕ್ಕಳಲ್ಲಿ ಇವಳಿರುವುದಿಲ್ಲ. ವರ್ಷವೆಲ್ಲ ಅದನ್ನೇ ಕನವರಿಸಿದ ಕೂಸು. “ಬಾ, ನಾ ಹೇಳಿಕೊಡ್ತೀನಿ” ಎಂದೆ. ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ಮದಲೇ ಅಳಾಕತ್ಯಾಳ. ನಡುವ ನೀವ್ಯಾಕ್ರಿ?” ಎಂದಳು. ನಾನು ಕೇಳಿಸಿಕೊಳ್ಳಲಿಲ್ಲ.

ಮಗಳನ್ನು ಅಂಗಳದ ಕಲ್ಲುಗಳ ಹತ್ತಿರ ಕರೆದೊಯ್ದೆ. ಪುಸ್ತಕದಲ್ಲಿ ಎರಡರ ತಲೆಯ ಮೇಲೆ ಸಣ್ಣದೊಂದು ಮೂರು ಕುಳಿತಿತ್ತು. ನಮ್ಮ ದಂಧೆಯಲ್ಲಿ ಎರಡು-ಮೂರು ಎಂದರೆ ಎರಡು ಅಡಿ ಅಗಲ, ಮೂರು ಅಡಿ ಉದ್ದದ ಕಲ್ಲು. ಇದಕ್ಕೆ ಅಳುವುದೇನಿದೆ?

“ಎರಡು-ಮೂರರ ಫರಸಿ. ಆರು ಫೂಟ್ ಆತು” ಎಂದೆ.

“ಎಂಟು ಬರ್ತದಪ್ಪಾ.”

“ಹ್ಯಾಂಗ ಬರ್ತದ? ಎರಡರ ಮ್ಯಾಲ ಎರಡು ಇದ್ರ ನಾಕು. ಖರೆ ಇಲ್ಲೇನು?”

“ಅದು ಖರೆ. ಮತ್ತ ಮೂರರ ಮ್ಯಾಲ ಎರಡು ಇದ್ರ?”

“ಅದೂ ಆರೇ. ಕಲ್ಲು ತಿರುಗಿಸಿ ಇಟ್ರ ಆತು!”

ಅಂಬಿಕಾಳ ಅಳು ನಿಂತಿತು. ತನಗಿಂತ ದಡ್ಡರು ಸ್ವಂತ ಮನೆಯಲ್ಲೇ ಇದ್ದಾರೆ ಎಂಬ ಸಮಾಧಾನ ಸಣ್ಣದಲ್ಲ. ಕಲ್ಲಿನ ಚೂರುಗಳನ್ನು ಆಯ್ದು ತಂದು ನೆಲದ ಮೇಲೆ ಕುಳಿತಳು. “ಕಲ್ಲು ಅಳೀಬ್ಯಾಡಪ್ಪಾ. ಮ್ಯಾಲಿನ ಅಂಕಿ ಒಂದು ಏರಿದಾಗೆಲ್ಲ ಚೂರು ದುಪ್ಪಟ್ಟು ಮಾಡು.” ಎರಡು, ನಾಲ್ಕು, ಎಂಟು ಚೂರು ಇಟ್ಟೆ. “ಈಗ ಹಿಂದ ಬಾ. ಅಂಕಿ ಒಂದು ಇಳೀತಂದ್ರ ಅರ್ಧಾ ತೆಗಿ.” ಎಂಟು ನಾಲ್ಕಾಯಿತು, ನಾಲ್ಕು ಎರಡಾಯಿತು. “ಅಂಕಿ ಒಂದಕ್ಕ ಬಂತು. ಇನ್ನೊಮ್ಮೆ ಇಳಿಸಿದ್ರ ಸೊನ್ನಿ. ಏನ್ ಉಳೀತು?”

ಸೊನ್ನೆ ಅಡಿ ಅಗಲದ ಕಲ್ಲನ್ನು ನಾನು ಎಂದೂ ಮಾರಿಲ್ಲ, ಆದ್ದರಿಂದ ಏನೂ ಇಲ್ಲ ಎನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಎರಡರಲ್ಲಿ ಒಂದನ್ನು ತೆಗೆದು, ಉಳಿದ ಚೂರನ್ನು ಅವಳೇ ದಿಟ್ಟಿಸಿ, “ಅಯ್ಯ, ಇದಕ್ಕೇ ಸೊನ್ನಿ ಘಾತಕ್ಕ ಒಂದು ಅಂತಾರ!” ಎಂದು ಕಿರುಚಿದಳು. ಅವಳ ಮುಖ ನೋಡಿ ನನಗೆ ಹೇಳಲಾರದಷ್ಟು ಸಂತೋಷವಾಯಿತು.

ಟೆಸ್ಟಿನಲ್ಲಿ ಗೆದ್ದಳು, ಪರೀಕ್ಷೆಗೂ ಆಯ್ಕೆಯಾದಳು. ಗೆಳತಿಯರಿಗೆ, “ತಿಳೀಲಿಲ್ಲಂದ್ರ ನಮ್ಮಪ್ಪಗ ಹೇಳಿಕೊಡ್ರಿ, ನಿಮಗ ತಾನೇ ತಿಳೀತದ” ಎಂದು ಸಾರಿಬಂದಳು. ಈಗ ಸಂಜೆಯಾದರೆ ಅಳುಮುಖದ ಹುಡುಗಿಯರು ನಮ್ಮ ಅಂಗಳಕ್ಕೆ ಬರುತ್ತಾರೆ. ಎಲ್ಲ ತಿಳಿದಿದ್ದರೂ ನಾನು ಪೆದ್ದನಂತೆ ಕೂರುತ್ತೇನೆ. ಅವರು ನನ್ನನ್ನು ತಿದ್ದುತ್ತ ತಿದ್ದುತ್ತ ನಗುತ್ತ ಹೋಗುತ್ತಾರೆ. “ಭಾಳ ಛಂದ ನಾಟಕ ಮಾಡ್ತೀರಿ” ಎಂದು ಹೆಂಡತಿಯೂ ಹೊಗಳುತ್ತಾಳೆ.

ಮೊನ್ನೆ ಅವರ ಪಾಠ ಮೈನಸ್ ಘಾತಕ್ಕೆ ಬಂತು. ಹುಡುಗಿಯರೆಲ್ಲ ಸೇರಿ ಗಂಟಲು ಒಣಗುವವರೆಗೆ ನನಗೆ ಹೇಳಿಕೊಟ್ಟರು. “ಇವತ್ತಿನ ನಾಟಕ ಎಲ್ಲಕ್ಕಿಂತ ಛಂದ ಆತು ನೋಡ್ರಿ” ಎಂದಳು ಹೆಂಡತಿ. ನಾನು ರೊಟ್ಟಿಯನ್ನು ಅರ್ಧ ಮುರಿದು ನೋಡಿದೆ, ಮೈನಸ್ ಮಾತ್ರ ಇನ್ನೂ ತಿಳಿದಿರಲಿಲ್ಲ.